ಎಪ್ಪತ್ತೆರಡು ದೊಡ್ಡದು, ಒಂದೂವರೆ ಸಣ್ಣದು

ನನ್ನ ಅಕ್ಕನ ಗಂಡ ಕಡಬದಲ್ಲಿ ಜೀಪ್ ಓಡಿಸುತ್ತಾರೆ. ಬಸ್ಸು ಹೋಗದ ಊರುಗಳಿಗೆ ಜನ, ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್, ರಬ್ಬರ್ ಶೀಟಿನ ಕಟ್ಟು ಎಲ್ಲ ಸಾಗುವುದು ಅದರಲ್ಲೇ. ಸೀಟು ತುಂಬದೆ ಜೀಪು ಹೊರಡುವುದಿಲ್ಲ. ಹೊರಟ ಮೇಲೆ ನಡುವೆ ನಿಲ್ಲಿಸಿ ನೀರು ಕುಡಿಯುವ, ಮೂತ್ರಕ್ಕೆ ಹೋಗುವ ರೂಢಿಯೂ ಇಲ್ಲ. ಸ್ಟ್ಯಾಂಡಿನ ಹಳಬರು ಬೆಳಗಿನ ಚಹಾ ಬಿಟ್ಟರೆ ಮಧ್ಯಾಹ್ನದ ಊಟದವರೆಗೆ ನೀರು ಮುಟ್ಟುವುದಿಲ್ಲ. ಆ ರಸ್ತೆಗಳಲ್ಲಿ ವರ್ಷಗಟ್ಟಲೆ ಕುಲುಕಿದವರ ಬೆನ್ನು ನೋಯದೆ ಇರದು. ನೋವಿಗೆ ಎಲ್ಲರೂ ಮೆಡಿಕಲ್ ಶಾಪಿನಿಂದ ಒಂದೇ ಬಗೆಯ ಮಾತ್ರೆ ತರುತ್ತಾರೆ. ಭಾವನ ಡ್ಯಾಶ್‌ಬೋರ್ಡಿನ ಮೇಲೆ ದೇವರ ಪಟದ ಪಕ್ಕದಲ್ಲಿ ಆ ಮಾತ್ರೆಯ ಪಟ್ಟಿ ಸದಾ ಇರುತ್ತಿತ್ತು.

ಒಂದು ಭಾನುವಾರ ಕಡಬದ ಸಭಾಂಗಣವೊಂದರಲ್ಲಿ ಚಾಲಕರಿಗೆಂದು ಉಚಿತ ರಕ್ತಪರೀಕ್ಷೆಯ ಶಿಬಿರ ನಡೆಯಿತು. ಚಾಲಕರ ಸಂಘದ್ದು ಸ್ಥಳ, ಊಟ. ಹೊರಗಿನ ಲ್ಯಾಬ್ ಒಂದರದ್ದು ಸೂಜಿ, ಟ್ಯೂಬು. ನಾನು ಪುತ್ತೂರಿನಲ್ಲಿದ್ದು ಪತ್ರಿಕೆಗೆ ವರದಿ ಮಾಡುವವಳು. ಇಂಥ ಶಿಬಿರಗಳ ಸುದ್ದಿ ನಮ್ಮ ಮೇಜಿಗೆ ವಾರವಾರವೂ ಬರುತ್ತದೆ. ದೀಪ ಬೆಳಗಿಸಿದವರು, ಅಧ್ಯಕ್ಷತೆ ವಹಿಸಿದವರು, ಸ್ವಾಗತಿಸಿದವರು, ವಂದಿಸಿದವರು ಎಲ್ಲರ ಹೆಸರೂ ಅದರಲ್ಲಿರುತ್ತದೆ. ರಕ್ತ ಕೊಟ್ಟವರಿಗೆ ಅದರ ಫಲಿತಾಂಶವನ್ನು ಯಾರು, ಎಲ್ಲಿ ಕೂತು, ಯಾವ ಭಾಷೆಯಲ್ಲಿ ವಿವರಿಸಿದರು ಎಂಬ ಒಂದು ವಾಕ್ಯ ಇದ್ದ ಸುದ್ದಿಯನ್ನು ನಾನು ಈವರೆಗೆ ನೋಡಿಲ್ಲ.

ಭಾವ ರಕ್ತ ಕೊಟ್ಟರು. ಕೆಲವು ದಿನಗಳ ನಂತರ ಸಂಘದ ಪದಾಧಿಕಾರಿಯೊಬ್ಬರು ವರದಿಗಳ ಕಟ್ಟು ಹಿಡಿದು ಜೀಪ್ ಸ್ಟ್ಯಾಂಡಿಗೆ ಬಂದು, ಹೆಸರು ಕೂಗಿ ಕೂಗಿ ಹಂಚಿದರು. ನಾನು ಅಲ್ಲಿರಲಿಲ್ಲ. ಭಾವನೂ ಅವರ ಗೆಳೆಯನೊಬ್ಬನೂ ಬೇರೆ ಬೇರೆ ಸಂದರ್ಭದಲ್ಲಿ ಹೇಳಿದ್ದು ಒಂದೇ ರೀತಿ ಇದ್ದುದರಿಂದ ಇಲ್ಲಿ ಬರೆಯುತ್ತಿದ್ದೇನೆ. ಆ ಗೆಳೆಯ ಜಾಲ್ಸೂರಿನ ಕಡೆಯಿಂದ ಬಂದು ಕಡಬದಲ್ಲೇ ನೆಲೆಸಿದವನು, ಅವನದ್ದೂ ಜೀಪೇ.

ಡ್ರೈವರುಗಳು ಶಾಲೆಯ ಮಕ್ಕಳು ಅಂಕ ಕೇಳಿದಂತೆ ಒಬ್ಬರಿಗೊಬ್ಬರು ಕೇಳಿಕೊಂಡರು.

"ನಿಂಗೆ ಎಷ್ಟು ಬಂತು?" ಎಂದು ಗೆಳೆಯ ಕೇಳಿದ.

"ಎಸ್‌ಜಿಪಿಟಿ ಅಂತ ಒಂದು ಉಂಟು. ಎಪ್ಪತ್ತೆರಡು," ಎಂದರು ಭಾವ.

"ನಲ್ವತ್ತು ಸಾಕಿತ್ತಲ್ಲ ಮಾರಾಯ! ನೀನು ಫಸ್ಟ್ ಕ್ಲಾಸ್ ಪಾಸ್."

ಪದಾಧಿಕಾರಿ ಕಾಗದ ನೋಡಿ, "ಅದು ಲಿವರಿದ್ದು. ಕುಡಿಯುವವರಿಗೆ ಏರುದು," ಎಂದರು.

"ನಾನು ಕುಡಿಯುದಿಲ್ಲ ಅಂತ ಇಡೀ ಸ್ಟ್ಯಾಂಡಿಗೆ ಗೊತ್ತುಂಟು."

"ಸ್ಟ್ಯಾಂಡಿಗೆ ಗೊತ್ತುಂಟು. ಲಿವರಿಗೆ ಗೊತ್ತುಂಟಾ?" ಎಂದ ಗೆಳೆಯ. ಎಲ್ಲರೂ ನಕ್ಕರು.

ಅದೇ ಹಾಳೆಯಲ್ಲಿ ಕೆಳಗೆ ಇನ್ನೊಂದು ಸಾಲಿತ್ತು. ಕ್ರಿಯಾಟಿನಿನ್, ಒಂದು ಪಾಯಿಂಟ್ ಐದು. ಇರಬೇಕಾದ್ದು ಒಂದು ಪಾಯಿಂಟ್ ಮೂರರ ಒಳಗೆ. ಅದರ ಎದುರೂ ಹೆಚ್ಚು ಎಂದು ಸೂಚಿಸುವ ಎಚ್ ಅಕ್ಷರ ದಪ್ಪವಾಗಿ ಅಚ್ಚಾಗಿತ್ತು. ಅದನ್ನು ಯಾರೂ ನೋಡಲಿಲ್ಲ ಎಂದಲ್ಲ, ನೋಡಿದರು. ಭಾವನೇ ಗೆಳೆಯನಿಗೆ ತೋರಿಸಿದ್ದರಂತೆ. ಅವನ ಉತ್ತರ: "ಅದು ಪಾಯಿಂಟ್ ಎರಡು ಹೆಚ್ಚು ಅಷ್ಟೇ ಅಲ್ವಾ. ಅಷ್ಟೆಲ್ಲ ಮಿಷಿನಿದ್ದೇ ವ್ಯತ್ಯಾಸ ಇರ್ತದೆ."

ಈ ತಪ್ಪನ್ನು ದಡ್ಡತನ ಎನ್ನುವವರಿಗೆ ನನ್ನ ಉತ್ತರ ಇಷ್ಟೇ. ಜೀಪಿನಲ್ಲಿ ಜನ ಎಣಿಸುವವರು, ಡೀಸೆಲ್ ಅಳೆಯುವವರು, ರಬ್ಬರ್ ತೂಗುವವರು ಇವರು. ಮೂವತ್ತೆರಡು ಹೆಚ್ಚಾದದ್ದು ದೊಡ್ಡದು, ಸೊನ್ನೆ ಪಾಯಿಂಟ್ ಎರಡು ಹೆಚ್ಚಾದದ್ದು ಸಣ್ಣದು ಎಂದು ಎಣಿಸುವುದು ಅವರ ದಿನದ ಲೆಕ್ಕದಲ್ಲಿ ಪೂರ್ತಿ ಸರಿ. ಒಂದೇ ಹಾಳೆಯಲ್ಲಿ ಹತ್ತಾರು ಸಾಲುಗಳನ್ನು ಒಂದರ ಕೆಳಗೆ ಒಂದು ಅಚ್ಚು ಹಾಕಿ, ಪ್ರತಿ ಸಾಲಿನ ಅಳತೆಗೋಲು ಬೇರೆ ಎಂಬುದನ್ನು ಮಾತ್ರ ಹೇಳದೆ ಕೈಗೆ ಕೊಟ್ಟರೆ, ಓದುವವನು ಬೇರೆ ಹೇಗೆ ಓದಬೇಕಿತ್ತು? ಹಾಳೆಯ ಕೊನೆಯಲ್ಲಿ, ಫಲಿತಾಂಶವನ್ನು ರೋಗಿಯ ಲಕ್ಷಣಗಳೊಂದಿಗೆ ತಾಳೆ ನೋಡಬೇಕು ಎಂಬ ಅರ್ಥದ ಒಂದು ಸಾಲು ಇತ್ತು. ಇಂಗ್ಲಿಷಿನಲ್ಲಿ, ಇಡೀ ಹಾಳೆಯಲ್ಲೇ ಅತಿ ಚಿಕ್ಕ ಅಕ್ಷರದಲ್ಲಿ.

ಭಾವನಿಗೆ ಲಿವರಿಗಿಂತ ಹೆಚ್ಚು ನೋವಾದದ್ದು ಮಾನಕ್ಕೆ. ಕುಡಿಯದ ಮನುಷ್ಯನಿಗೆ ಕುಡುಕನ ಲಿವರು ಎಂಬ ಮಾತು ಸ್ಟ್ಯಾಂಡಿನಲ್ಲಿ ಓಡಾಡತೊಡಗಿತು. ಕೊಲೆಸ್ಟರಾಲೂ ಇರಬೇಕಾದ್ದಕ್ಕಿಂತ ಹೆಚ್ಚಿತ್ತು. "ಲಿವರಿನಲ್ಲಿ ಕೊಬ್ಬು ಕೂತಿರುದು ಅದು. ಕರಗಿಸಿದರೆ ಎಲ್ಲ ಸರಿ ಆಗ್ತದೆ," ಎಂದು ಗೆಳೆಯ ಸಮಾಧಾನ ಹೇಳಿದ. ಮೊದಲು ನಕ್ಕವನು ತಾನೇ ಎಂಬ ಕಸಿವಿಸಿ ಅವನಿಗೂ ಇದ್ದಿರಬೇಕು. ತನ್ನ ಮೊಬೈಲಿಗೆ ಬಂದಿದ್ದ ಒಂದು ಧ್ವನಿ ಸಂದೇಶವನ್ನು ಕೇಳಿಸಿದ. ಗಡಿಯ ಆಚೆ ಕೇರಳದಿಂದ ಬಂದದ್ದು, ಮಲಯಾಳದಲ್ಲಿತ್ತು. ಅವನೇ ಅರ್ಥ ಹೇಳಿದ: ಬಿಂಬುಳಿಯ ರಸವನ್ನು ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಗ್ಲಾಸ್ ಕುಡಿದರೆ ಕೊಲೆಸ್ಟರಾಲ್ ಇಳಿಯುತ್ತದೆ, ಲಿವರ್ ಶುದ್ಧವಾಗುತ್ತದೆ.

ಬಿಂಬುಳಿ ನಮ್ಮಲ್ಲಿ ಹೆಚ್ಚಿನ ಮನೆಗಳ ಹಿಂದೆ ಇರುವ ಮರ. ಬೆರಳುದ್ದದ ಹಸಿರು ಕಾಯಿ ಕಾಂಡಕ್ಕೇ ಅಂಟಿಕೊಂಡು ಗೊಂಚಲು ಗೊಂಚಲಾಗಿ ಬಿಡುತ್ತದೆ. ಒಂದೆರಡು ಮೀನು ಸಾರಿಗೆ, ಸ್ವಲ್ಪ ಉಪ್ಪಿನಕಾಯಿಗೆ, ಉಳಿದದ್ದು ನೆಲಕ್ಕೆ. ಅಷ್ಟು ಹುಳಿಯ ವಸ್ತುವನ್ನು ಗ್ಲಾಸುಗಟ್ಟಲೆ ಕುಡಿಯುವ ಯೋಚನೆ ನಮ್ಮ ಅಜ್ಜಿಯಂದಿರಿಗೆ ಬಂದಿರಲಿಲ್ಲ. ಇದು ಹಳ್ಳಿಯ ಹಳೆಯ ಮದ್ದು ಎಂದು ಈಗ ಹೇಳುವವರು ಸುಳ್ಳು ಹೇಳುತ್ತಾರೆ. ಇದು ಮೊಬೈಲಿನ ಹೊಸ ಮದ್ದು. ಆ ರಸದಲ್ಲಿರುವ ಆಕ್ಸಲೇಟ್ ಎಂಬ ಅಂಶ ಮೂತ್ರಪಿಂಡದಲ್ಲಿ ಹರಳುಗಟ್ಟಿ ಕೂತು ಕೆಲವರಿಗೆ ಮೂತ್ರಪಿಂಡವೇ ಕೆಲಸ ನಿಲ್ಲಿಸಿದೆ ಎಂದು ಅದೇ ಕೇರಳದ ವೈದ್ಯರು ಎಚ್ಚರಿಸಿದ್ದಾರೆ. ಮದ್ದು ಗಡಿ ದಾಟಿ ಬಂತು, ಎಚ್ಚರಿಕೆ ಬರಲಿಲ್ಲ.

ಅಕ್ಕ ಪ್ರತಿದಿನ ಬೆಳಿಗ್ಗೆ ಕಾಯಿ ಕೊಯ್ದು, ಮಿಕ್ಸಿಯಲ್ಲಿ ಅರೆದು, ಸೋಸಿ ಕೊಡತೊಡಗಿದಳು. ಹುಳಿ ತಡೆಯದೆ ಭಾವ ಮುಖ ಕಿವಿಚಿದರೆ, "ಕಷಾಯ ಎಲ್ಲಾದರೂ ಸಿಹಿ ಇರ್ತದಾ? ಕುಡೀರಿ," ಎಂದು ಎದುರಿಗೇ ನಿಲ್ಲುತ್ತಿದ್ದಳು. ಊಟ ಸೇರದೆ ಹೋದಾಗ ಅದು ಲಿವರಿನದೇ ಲಕ್ಷಣ ಎಂದು ಎಣ್ಣೆ, ಮೀನು ಎಲ್ಲ ನಿಲ್ಲಿಸಿ ಗಂಜಿಯ ಪಥ್ಯ ಶುರುಮಾಡಿದಳು. ಓಕರಿಕೆ ಬಂದರೆ ಪಿತ್ತ ಹೊರಗೆ ಹೋಗುತ್ತಿದೆ ಎಂದುಕೊಂಡರು. ಸುಸ್ತಾದರೆ ಕೊಬ್ಬು ಕರಗುತ್ತಿದೆ. ಬೆನ್ನು ನೋವಿನ ಮಾತ್ರೆ ಮಾತ್ರ ಡ್ಯಾಶ್‌ಬೋರ್ಡಿನ ಮೇಲೆಯೇ ಇತ್ತು. ಅದಕ್ಕೂ ಆ ಹಾಳೆಗೂ ಸಂಬಂಧ ಇರಬಹುದೆಂದು ಯಾರೂ ಅವರಿಗೆ ಹೇಳಿರಲಿಲ್ಲ.

ನಾನು ಅಕ್ಕನ ಮನೆಗೆ ಹೋದದ್ದು ಇದೆಲ್ಲ ಸಾಕಷ್ಟು ಮುಂದುವರಿದ ಮೇಲೆ. ಭಾವ ಜೀಪು ಅಂಗಳದಲ್ಲಿ ನಿಲ್ಲಿಸಿ ಮಂಚದ ಮೇಲೆ ಮಲಗಿದ್ದರು. ಕಣ್ಣಿನ ಕೆಳಗೆ ಬಾತಿತ್ತು. ಪಾದದ ಮೇಲೆ ಚಪ್ಪಲಿ ಪಟ್ಟಿಯ ಗುರುತು ಆಳವಾಗಿ ಉಳಿದಿತ್ತು.

"ಎಂತ ಭಾವ, ಮುಖ ಹೀಗೆ ಊದಿದೆ?"

"ನಿದ್ದೆ ಜಾಸ್ತಿ ಆಯ್ತು ಮಾರಾಯ್ತಿ. ನಿನ್ನ ಅಕ್ಕನ ಹುಳಿ ಕಷಾಯ ಕುಡಿದು ಕುಡಿದು ನಾನೂ ಉಪ್ಪಿನಕಾಯಿ ಆಗಿದ್ದೇನೆ. ಇನ್ನು ಭರಣಿಗೆ ಹಾಕುದೊಂದು ಬಾಕಿ."

"ಮೂತ್ರ ಸರಿ ಹೋಗ್ತದಾ?"

"ಅದೊಂದು ಪೇಪರಿನಲ್ಲಿ ಹಾಕ್ಲಿಕ್ಕುಂಟಾ ನಿಂಗೆ?" ಎಂದು ನಗಲು ನೋಡಿದರು. ಆಮೇಲೆ ಮೆಲ್ಲಗೆ, "ಎರಡು ದಿನದಿಂದ ಇಲ್ಲವೇ ಇಲ್ಲ ಹೇಳಬಹುದು," ಎಂದರು.

ಅಕ್ಕ ವರದಿ ತಂದುಕೊಟ್ಟಳು. ಎಸ್‌ಜಿಪಿಟಿಯ ಸಾಲಿಗೆ ಅವಳು ಪೆನ್ನಿನಿಂದ ಸುತ್ತು ಹಾಕಿದ್ದಳು. ಕ್ರಿಯಾಟಿನಿನ್ ಎಂಬುದು ಮೂತ್ರಪಿಂಡದ ವಿಷಯ ಎಂಬಷ್ಟು ನನಗೂ ಗೊತ್ತಿತ್ತು. ಅದೇ ದಿನ ಕಾರು ಮಾಡಿ ಅವರನ್ನು ಪುತ್ತೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಅಲ್ಲಿ ಮತ್ತೆ ರಕ್ತ ತೆಗೆದರು. ಕ್ರಿಯಾಟಿನಿನ್ ಆರು ಪಾಯಿಂಟ್ ಎಂಟು. ಎಸ್‌ಜಿಪಿಟಿ ಅರವತ್ತರ ಆಸುಪಾಸು. ಇಡೀ ಮನೆ ಹೆದರಿ ಪಥ್ಯ ಹಿಡಿದದ್ದು ಯಾವ ಸಂಖ್ಯೆಗಾಗಿಯೋ ಅದರ ಬಗ್ಗೆ ಡಾಕ್ಟರು ಮಾತೇ ಎತ್ತಲಿಲ್ಲ. "ಇತ್ತೀಚೆಗೆ ಎಂತ ಮದ್ದು ತಗೊಳ್ತಿದ್ದೀರಿ? ಹೊರಗಿನದ್ದು, ಮನೆಯದ್ದು ಎಲ್ಲ ಹೇಳಿ," ಎಂದರು. ಭಾವ ಬೆನ್ನಿನ ಮಾತ್ರೆ ಹೇಳಿದರು. ಅಕ್ಕ ರಸದ ವಿಷಯ ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟರು.

ಹಳೆಯ ವರದಿ ಏನಾದರೂ ಇದೆಯೇ ಎಂದು ಅವರು ಕೇಳಿದರು. ಹಿಂದಿನ ವರ್ಷ ಭಾವನಿಗೆ ಹರ್ನಿಯಾ ಆಪರೇಷನ್ ಆಗಿತ್ತು. ಆ ಫೈಲನ್ನು ಅಕ್ಕ ಚೀಲದಲ್ಲೇ ತಂದಿದ್ದಳು. ಆಗ ಕ್ರಿಯಾಟಿನಿನ್ ಸೊನ್ನೆ ಪಾಯಿಂಟ್ ಒಂಬತ್ತು. ಡಾಕ್ಟರು ವಿವರಿಸಿದ್ದನ್ನು ನಾನು ನನ್ನ ವೃತ್ತಿಯ ಅಭ್ಯಾಸದಂತೆ ಬರೆದುಕೊಂಡೆ. ಸಾರಾಂಶ ಹೀಗೆ.

ಎಸ್‌ಜಿಪಿಟಿ, ಹಾಳೆಯಲ್ಲಿ ಅದರ ಜೊತೆಗೇ ಅಚ್ಚಾಗುವ ಎಸ್‌ಜಿಒಟಿ ಎರಡೂ ಜೀವಕೋಶದ ಒಳಗೆ ಇರಬೇಕಾದ ವಸ್ತುಗಳು. ಮೊದಲನೆಯದು ಮುಖ್ಯವಾಗಿ ಲಿವರಿನದು, ಎರಡನೆಯದು ಸ್ನಾಯುಗಳಲ್ಲೂ ಉಂಟು. ಕೋಶಕ್ಕೆ ಪೆಟ್ಟಾದಾಗ ಅವು ರಕ್ತಕ್ಕೆ ಸೋರುತ್ತವೆ. ಮನೆಯ ಪಾತ್ರೆ ಬೀದಿಯಲ್ಲಿ ಬಿದ್ದಿದ್ದರೆ ಒಳಗೆ ಏನೋ ಗಲಾಟೆ ಆಗಿದೆ ಎಂದು ತಿಳಿಯುತ್ತದಲ್ಲ, ಹಾಗೆ. ಆ ಮನೆಯ ಸಂಸಾರ ಹೇಗೆ ನಡೆಯುತ್ತಿದೆ ಎಂಬುದು ಅದರಿಂದ ತಿಳಿಯುವುದಿಲ್ಲ. ಲಿವರ್ ತನ್ನ ಕೆಲಸ ಮಾಡುತ್ತಿದೆಯೇ ಎಂದು ನೋಡಬೇಕಾದರೆ ಬಿಲಿರುಬಿನ್, ಆಲ್ಬುಮಿನ್, ರಕ್ತ ಹೆಪ್ಪುಗಟ್ಟುವ ಸಮಯ ಇವುಗಳನ್ನು ನೋಡಬೇಕು. ಭಾವನಿಗೆ ಅವೆಲ್ಲ ಸರಿಯಾಗಿದ್ದವು. ಕುಡಿಯದವರಿಗೂ ಲಿವರಿನಲ್ಲಿ ಕೊಬ್ಬು ಕೂತು ಎಸ್‌ಜಿಪಿಟಿ ಅಷ್ಟು ಏರುವುದು ಸಾಮಾನ್ಯ. ತೂಕ ಇಳಿಸಿ, ಕೆಲವು ತಿಂಗಳ ನಂತರ ಮತ್ತೆ ನೋಡಿದರೆ ಆಗುತ್ತಿತ್ತು.

ಕ್ರಿಯಾಟಿನಿನ್ ಸ್ನಾಯುಗಳು ಹೊರಗೆ ಹಾಕುವ ಕಸ. ಅದನ್ನು ಸೋಸಿ ಮೂತ್ರದಲ್ಲಿ ಕಳುಹಿಸುವುದು ಮೂತ್ರಪಿಂಡದ ಕೆಲಸ. ಸೋಸುವುದು ಕಡಿಮೆಯಾದಷ್ಟೂ ಕಸ ರಕ್ತದಲ್ಲಿ ಉಳಿಯುತ್ತದೆ. ಈ ಸಂಖ್ಯೆ ಎರಡು ಪಟ್ಟಾಯಿತೆಂದರೆ ಸೋಸುವ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ ಎಂದು ಅರ್ಥ. ಸಾಕಷ್ಟು ಶಕ್ತಿ ಹೋಗುವವರೆಗೂ ಸಂಖ್ಯೆ ಗೆರೆ ದಾಟುವುದಿಲ್ಲ, ಮೈಗೂ ಗೊತ್ತಾಗುವುದಿಲ್ಲ. ಸಣಕಲು ಮೈಯವರಿಗೆ, ವಯಸ್ಸಾದವರಿಗೆ ಗೆರೆಯ ಒಳಗಿನ ಸಂಖ್ಯೆಯೂ ಮೋಸ ಮಾಡಬಹುದು. ಅದಕ್ಕಾಗಿ ವಯಸ್ಸನ್ನೂ ಸೇರಿಸಿ ಸೋಸುವ ವೇಗದ ಲೆಕ್ಕ ಹಾಕುತ್ತಾರೆ. ಆ ಲೆಕ್ಕ ಶಿಬಿರದ ಹಾಳೆಯಲ್ಲಿ ಇರಲಿಲ್ಲ.

"ಪಾಯಿಂಟ್ ಬಿಟ್ಟು ನೋಡಿ, ಒಂಬತ್ತರಿಂದ ಹದಿನೈದಕ್ಕೆ ಬಂದದ್ದು ಅಂತ ಲೆಕ್ಕ ಹಾಕಿ. ಅದು ಸಣ್ಣದಾ?" ಎಂದು ಡಾಕ್ಟರು ಕೇಳಿದರು. "ಆವತ್ತೇ ಯಾರಾದರೂ ಹೇಳಿದ್ದರೆ ಕಿಡ್ನಿಗೆ ಪೆಟ್ಟು ಕೊಡುವ ಆ ನೋವಿನ ಮಾತ್ರೆ ನಿಲ್ಲಿಸಿ, ನೀರು ಸರಿಯಾಗಿ ಕುಡಿದು, ಒಂದು ವಾರ ಬಿಟ್ಟು ಮತ್ತೆ ಟೆಸ್ಟ್ ಮಾಡಿದರೆ ಸಾಕಿತ್ತು. ಈಗ ಮಂಗಳೂರಿಗೆ ಹೋಗಿ. ಡಯಾಲಿಸಿಸ್ ಬೇಕಾಗಬಹುದು."

ಬೇಕಾಯಿತು. ಮಂಗಳೂರಿನ ಆಸ್ಪತ್ರೆಯಲ್ಲಿ ಭಾವನ ಕುತ್ತಿಗೆಗೆ ನಳಿಗೆ ಹಾಕಿದರು. ಮೂತ್ರಪಿಂಡ ಮತ್ತೆ ಎದ್ದು ನಿಲ್ಲುತ್ತದೆಯೇ, ಅಥವಾ ಇನ್ನು ಜೀವನವಿಡೀ ಯಂತ್ರವೇ ಎಂಬುದಕ್ಕೆ ಅಲ್ಲಿಯೂ ಖಚಿತ ಉತ್ತರ ಇರಲಿಲ್ಲ. ಕಾದು ನೋಡಬೇಕು ಎಂದರು. ಅಕ್ಕ ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತು ಅವರ ಮೂತ್ರದ ಅಳತೆಯನ್ನು ಪ್ರತಿಸಲ ನರ್ಸಿನಲ್ಲಿ ಕೇಳುತ್ತಿದ್ದಳು. ಯಂತ್ರಕ್ಕೆ ಕೆಲವು ಸಲ ಹಾಕಿದ ಮೇಲೆ ಆ ಅಳತೆ ಏರತೊಡಗಿತು. ಅವಳು ಅತ್ತದ್ದು ಆ ದಿನ.

ಭಾವ ಅಪಾಯದಿಂದ ಪಾರಾದರು ಎಂದು ಖಚಿತವಾದ ಮೇಲೆ ನಾನು ಎರಡು ಫೋನ್ ಮಾಡಿದೆ. ಒಂದು ಪಕ್ಷದ್ದನ್ನು ಮಾತ್ರ ಕೇಳಿ ಬರೆಯುವುದು ನಮ್ಮ ಕೆಲಸದಲ್ಲಿ ಸಲ್ಲದು. ಅವರಿಬ್ಬರ ಮಾತನ್ನೂ ಇದ್ದ ಹಾಗೆಯೇ ಕೊಡುತ್ತೇನೆ.

ಲ್ಯಾಬಿನ ಮ್ಯಾನೇಜರ್ ಸೌಜನ್ಯದಿಂದಲೇ ಮಾತನಾಡಿದರು. "ಎಚ್ ಅಂತ ದಪ್ಪಕ್ಕೆ ಹಾಕಿದ್ದೇವಲ್ಲ ಮೇಡಂ?"

"ಹಾಕಿದ್ದೀರಿ. ಯಾರಾದರೂ ಫೋನ್ ಮಾಡಿ ಹೇಳುವ ಕ್ರಮ ಇಲ್ವಾ?"

"ಉಂಟು. ಜೀವಕ್ಕೆ ಅಪಾಯದ ಮಟ್ಟಕ್ಕೆ ಇದ್ದರೆ ಕೂಡಲೇ ಫೋನ್ ಮಾಡ್ತೇವೆ. ಒಂದು ಪಾಯಿಂಟ್ ಐದಕ್ಕೆ ಮಾಡ್ಲಿಕ್ಕೆ ಆಗುದಿಲ್ಲ. ವಿವರಿಸುದು ಡಾಕ್ಟರ ಕೆಲಸ, ನಮ್ಮದಲ್ಲ."

"ಶಿಬಿರದಲ್ಲಿ ಡಾಕ್ಟರ್ ಯಾರಿದ್ದರು?"

"ಅದು ಸಂಘದವರಿಗೆ ಗೊತ್ತು."

ಸಂಘದ ಪದಾಧಿಕಾರಿಗೆ ಬೇಸರವಾಯಿತು. "ಉದ್ಘಾಟನೆಗೆ ಒಬ್ಬರು ಡಾಕ್ಟರು ಬಂದಿದ್ದರು ಮೇಡಂ. ಬಿ.ಪಿ. ಬಗ್ಗೆ ಒಳ್ಳೆ ಮಾತಾಡಿದರು. ಆವಾಗ ರಿಪೋರ್ಟ್ ಎಲ್ಲಿತ್ತು?"

"ರಿಪೋರ್ಟ್ ಬಂದ ದಿನ ಡಾಕ್ಟರನ್ನು ಕರೆಯಬಹುದಿತ್ತಲ್ಲ?"

"ನೋಡಿ, ನಾವು ಸೇವೆ ಮಾಡುದು. ನೀವೆಲ್ಲ ಹೀಗೆ ತಪ್ಪು ಹುಡುಕಿದರೆ ಇನ್ನು ಕಡಬದಲ್ಲಿ ಯಾರೂ ಕ್ಯಾಂಪ್ ಮಾಡುದಿಲ್ಲ."

ಲ್ಯಾಬು ನಿಯಮ ಮೀರಿಲ್ಲ. ಸಂಘ ಯಾರಿಗೂ ಕೇಡು ಬಯಸಿಲ್ಲ. ಉದ್ಘಾಟಿಸಿದ ಡಾಕ್ಟರು ತಮಗೆ ಒಪ್ಪಿಸಿದ ಕೆಲಸ ಮಾಡಿ ಹೋದರು. ಹಾಳೆಯ ಕೆಳಗೆ ಸಹಿ ಹಾಕಿದ ತಜ್ಞರು ಭಾವನನ್ನು ನೋಡಿಯೇ ಇಲ್ಲ, ಸಹಿಯೂ ಕಂಪ್ಯೂಟರಿನದು. ಹೀಗೆ ಒಬ್ಬೊಬ್ಬರೂ ಸರಿಯಾಗಿಯೇ ಇದ್ದು, ಒಬ್ಬ ಮನುಷ್ಯ ಮೂತ್ರಪಿಂಡ ಕಳೆದುಕೊಳ್ಳುವ ಅಂಚಿಗೆ ಹೋದದ್ದನ್ನು ದುರದೃಷ್ಟ ಎಂದು ಕರೆಯಲು ನಾನು ಸಿದ್ಧಳಿಲ್ಲ. ರಕ್ತ ತೆಗೆಯಲು ಮೇಜು, ಕುರ್ಚಿ, ಫ್ಯಾನು, ಬ್ಯಾನರು, ಮೈಕು ಎಲ್ಲಕ್ಕೂ ಜನರಿದ್ದರು. ಅರ್ಥ ಹೇಳುವ ಜಾಗದಲ್ಲಿ ಮಾತ್ರ ಯಾರನ್ನೂ ಇಟ್ಟಿರಲಿಲ್ಲ. ಅದು ಮರೆವಲ್ಲ, ಹಾಗೆ ಯಾರನ್ನಾದರೂ ಇಡಬೇಕೆಂದು ಯಾರಿಗೂ ಅನ್ನಿಸದಿರುವುದೇ ಇಲ್ಲಿನ ಪದ್ಧತಿ.

ಯಾರ ಮೇಲೂ ಬೀಳದ ಹೊಣೆ ಕೊನೆಗೆ ಹೋಗಿ ಕೂತದ್ದು ಅಕ್ಕನ ಮೇಲೆ.

ಭಾವ ಚೇತರಿಸಿಕೊಂಡ ಮೇಲೆ ಐವರ್ನಾಡಿನಲ್ಲಿ ಸಂಬಂಧಿಕರ ಹೊಸ ಮನೆಯ ಒಕ್ಕಲಿಗೆ ನಾವು ಹೋಗಿದ್ದೆವು. ಊಟಕ್ಕೆ ಕೂತಾಗ ನಮ್ಮ ದೊಡ್ಡಮ್ಮ, ಅಕ್ಕನಿಗೆ ಕೇಳುವ ಹಾಗೆಯೇ, ಪಕ್ಕದವರಿಗೆ ಹೇಳಿದರು: "ಹೆಂಡತಿ ದಿನಾ ಎಂತದ್ದೋ ರಸ ಮಾಡಿ ಕುಡಿಸಿದ್ದಂತೆ. ಅದರಿಂದಲೇ ಕಿಡ್ನಿ ಹೋದದ್ದು. ಕಲಿತವಳಾಗಿ ಹೀಗಾ?"

ಅಕ್ಕ ಎಲೆಯ ಮೇಲಿನ ಅನ್ನವನ್ನು ಕಲಸುತ್ತ ಕೂತಳು. ಭಾವ ಎದುರಿನ ಸಾಲಿನಿಂದ ಕೈ ಎತ್ತಿದರು.

"ದೊಡ್ಡಮ್ಮ, ನನ್ನನ್ನು ಕಂಬಕ್ಕೆ ಕಟ್ಟಿ ಕುಡಿಸಿದ್ದಲ್ಲ. ಗ್ಲಾಸ್ ಹಿಡಿದದ್ದು ನನ್ನ ಕೈ, ಕುಡಿದದ್ದು ನನ್ನ ಬಾಯಿ. ಇವಳಾದರೂ ನಾನು ಬದುಕಲಿ ಅಂತ ಬೆಳಿಗ್ಗೆ ಎದ್ದು ಎಂತದ್ದೋ ಒಂದು ಮಾಡಿದಳು. ಆ ಕಾಗದ ನೋಡಿದವರು ಎಷ್ಟೋ ಮಂದಿ. ಒಬ್ಬನಾದರೂ ಎಂತ ಮಾಡಿದ, ಹೇಳಿ?"

ದೊಡ್ಡಮ್ಮ ಪಾಯಸ ಬಂತೆಂದು ಆಚೆ ತಿರುಗಿದರು. ಅವರು ಒಪ್ಪಿಕೊಂಡರೆಂದು ನನಗೆ ಅನ್ನಿಸಲಿಲ್ಲ. ಮಿಕ್ಸಿ ತಿರುಗಿಸಿದ ಹೆಂಗಸಿನ ಕಥೆ ಎಲ್ಲಿಯೂ ಹೇಳಲು ಸುಲಭ.

ಮೊನ್ನೆ ಪುತ್ತೂರಿನಲ್ಲಿ ಮತ್ತೆ ಪರೀಕ್ಷೆ ಇತ್ತು. ಕ್ರಿಯಾಟಿನಿನ್ ಒಂದು ಪಾಯಿಂಟ್ ಎಂಟರಲ್ಲಿ ನಿಂತಿದೆ. ಕಳೆದ ಕೆಲವು ಪರೀಕ್ಷೆಗಳಲ್ಲೂ ಅಲ್ಲಿಯೇ ಇದೆ. ಸೊನ್ನೆ ಪಾಯಿಂಟ್ ಒಂಬತ್ತಕ್ಕೆ ಇನ್ನು ಹಿಂತಿರುಗುವುದಿಲ್ಲ. ಭಾವ ಮತ್ತೆ ಜೀಪು ಹತ್ತಿದ್ದಾರೆ, ಮೊದಲಿಗಿಂತ ಕಡಿಮೆ ಟ್ರಿಪ್ಪು. ನಮ್ಮ ಡಾಕ್ಟರು ಅಂದು ರಜೆಯಲ್ಲಿದ್ದರು. ಅವರ ಜಾಗದಲ್ಲಿದ್ದವರು ವರದಿಯ ಮೇಲೆ ಕಣ್ಣಾಡಿಸಿ, "ಹಾಂ, ಪರವಾಗಿಲ್ಲ. ಅದೇ ಮದ್ದು ಮುಂದುವರಿಸಿ," ಎಂದು ಹಾಳೆಯನ್ನು ವಾಪಸು ಚಾಚಿದರು. ಭಾವ ಏಳಲು ಹೊರಟರು. ಅಕ್ಕ ಏಳಲಿಲ್ಲ.

"ಪರವಾಗಿಲ್ಲ ಅಂದರೆ ಎಂತ ಡಾಕ್ಟ್ರೆ? ಎಷ್ಟು ಇರಬೇಕಿತ್ತು, ಈಗ ಎಷ್ಟು ಉಂಟು, ಎಷ್ಟಕ್ಕೆ ಹೋದರೆ ನಾವು ಓಡಿ ಬರಬೇಕು, ಅದು ಹೇಳಿ."

"ಹೊರಗೆ ಜನ ಕಾಯ್ತಿದ್ದಾರಮ್ಮ."

"ಕಾಯ್ಲಿ. ಅವರೂ ಒಳಗೆ ಬಂದು ಕೇಳ್ಲಿ."

ಅಟೆಂಡರ್ ಬಾಗಿಲು ತೆರೆದು ಮುಂದಿನವರ ಹೆಸರು ಕೂಗಿದ. ಅಕ್ಕ ಹಾಳೆಯನ್ನು ಮೇಜಿನ ಮೇಲೆ ಡಾಕ್ಟರ ಕಡೆಗೆ ತಿರುಗಿಸಿ, ಮೊದಲನೆಯ ಸಾಲಿನ ಮೇಲೆ ಬೆರಳಿಟ್ಟು ಕೂತಳು.